ಬಗಲ ತುಂಡು

ಅರಸೀಕೆರೆ ಸ್ಟೇಷನ್ನಿನ ಹಿಂದೆ
ಕೊಬ್ಬರಿ ಗೋದಾಮಿನ ಗೋಡೆಗೆ ಒರಗಿದ
ನನ್ನ ಹೊಲಿಗೆಯಂಗಡಿ. ಆರಡಿ ಅಗಲ.
ರೈಲು ಬಂದರೆ ಸೂಜಿ ನಡುಗುತ್ತದೆ,
ಪೆಡಲು ನಿಲ್ಲಿಸಿ ಬೋಗಿ ಎಣಿಸುತ್ತೇನೆ.

ನಾನು ಎಡಚಿ.
ಸಂತೆಯ ಕತ್ತರಿಗಳೆಲ್ಲ ಬಲಗೈಯವರ ಸ್ವತ್ತು,
ಹೆಬ್ಬೆರಳ ಬುಡದಲ್ಲಿ ಅವು ಒತ್ತಿದ ಗಂಟು
ಈಗ ಹುಣಸೆಬೀಜದಷ್ಟು.
ಚಿಲ್ಲರೆ ಕೊಡುವಾಗ ಮಾತ್ರ ಬಲಗೈ ಚಾಚುತ್ತೇನೆ,
ಲಕ್ಷ್ಮಿ ಮುನಿಯದಿರಲಿ, ಗಿರಾಕಿಯೂ.

ಏಳನೆಯ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಪುಟ್ಟಾಚಾರ್
ನನ್ನ ಬೆರಳ ಮೇಲಿನ ರೂಲರಿನ ಬರೆ ನೋಡಿ
(ಅದು ಲೆಕ್ಕದ ಮೇಡಂ ಕೊಟ್ಟದ್ದು)
ಹೇಳಿದ್ದರು:
“ಐನೂರು ವರ್ಷದ ಹಿಂದೆ ಇಟಲಿಯಲ್ಲೊಬ್ಬ ಇದ್ದ ಕಣಮ್ಮ,
ನಿನ್ನ ಹಂಗೇ ಎಡಚ.
ಬಲದಿಂದ ಎಡಕ್ಕೆ ಬರೀತಿದ್ದ, ಕನ್ನಡಿ ಹಿಡಿದರೇ ಓದಬೇಕು.
ಸೊಂಟದಲ್ಲೊಂದು ಪುಟ್ಟ ಪುಸ್ತಕ.
ಮರಕುಟಿಗದ ನಾಲಗೆ ಹೆಂಗಿದೆ, ಆಕಾಶ ಯಾಕೆ ನೀಲಿ,
ಗೊತ್ತಿಲ್ಲದ್ದನ್ನ ಬರೆದಿಡೋಕೆ ಅವನಿಗೆ ನಾಚಿಕೆ ಇರಲಿಲ್ಲ.”

ಅವನ ಚಿತ್ರ ನೋಡಿದ್ದು ಎಷ್ಟೋ ಕಾಲದ ಮೇಲೆ, ಕ್ಯಾಲೆಂಡರಿನಲ್ಲಿ:
ನಕ್ಕಳೋ ನಗಲಿಲ್ಲವೋ ಎಂಬಂಥ ಹೆಂಗಸು.
ನನಗೆ ಕಂಡದ್ದು ತೋಳಿನ ನೆರಿಗೆ.
ಎಷ್ಟು ಬಟ್ಟೆ ಹಿಡಿದಿರಬೇಕು!

ಅಳತೆ ಪುಸ್ತಕದ ಮುಂದಿನಿಂದ:
ಎದೆ ಮೂವತ್ತಾರು, ತೋಳು ಒಂಬತ್ತು, ಬಾಕಿ ನೂರಿಪ್ಪತ್ತು.
ಹಿಂದಿನಿಂದ:
ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನುವುದು ಯಾವ ರಾತ್ರಿಯಿಂದ?
ಗೋಡೆಯ ಮೇಲೆ ನೀರಿಳಿದ ಕಲೆ ನೆನ್ನೆ ಕುದುರೆ,
ಇವತ್ತು ಯಾಕೆ ತುಂಬು ಬಸುರಿ?
ಕತ್ತೆಗೆ ಬೆನ್ನು ತುರಿಸಿದರೆ ಯಾರನ್ನು ಕರೆಯುತ್ತದೆ?
ದಿನಕ್ಕೊಂದು. ಜ್ವರದ ದಿನವೂ ಒಂದು:
ಹಲ್ಲು ಕಟಕಟಿಸುವ ಈ ತಾಳ ಯಾರದು?
ಉತ್ತರ ಸಿಕ್ಕಿದ್ದು ನೂರಕ್ಕೆ ಮೂರೋ ನಾಲ್ಕೋ.

ತೆಂಗಿನಮರ ಹತ್ತುವ ದ್ಯಾವಯ್ಯ
ತಿಂಗಳು ತಿಂಗಳೂ ಅದೇ ಅಂಗಿ ತರುತ್ತಿದ್ದ, ಅದೇ ಜಾಗ ಹರಿದು.
“ಕೈ ಎತ್ತಿದ್ರೆ ಪರ್ ಅಂತದೆ ಕಣವ್ವ.”
ಬಗಲು. ಹೊಲಿದೆ. ಜೋಡಿ ಹೊಲಿಗೆ ಹಾಕಿದೆ. ಮತ್ತೆ ಪರ್.
ಬರೆದುಕೊಂಡೆ:
ಕೈ ಎತ್ತಿದಾಗ ತೊಗಲು ಯಾಕೆ ಹರಿಯುವುದಿಲ್ಲ?

ಎಂಟು ದಿನ ಕಣ್ತುಂಬ ಬರೀ ಬಗಲು.
ಬಸ್ಸಿನ ಕಂಬಿ ಹಿಡಿದವರು, ಸೀರೆ ಹರವುವವರು,
ತಲೆ ಬಾಚಿಕೊಳ್ಳುವ ಮಗಳು: “ಯಾಕಮ್ಮ ಹಂಗೆ ನೋಡ್ತೀಯ?”
ಭಾನುವಾರ ಖಲೀಲನ ಅಂಗಡಿಯಲ್ಲಿ
ಕೋಳಿಯ ಒಂದು ರೆಕ್ಕೆ ಕೇಳಿ ಪಡೆದು
ಬಿಡಿಸಿದೆ, ಮಡಿಸಿದೆ, ಬಿಡಿಸಿದೆ.
ಭುಜಕ್ಕೂ ಮಣಿಕಟ್ಟಿಗೂ ನಡುವೆ ತೊಗಲಿನದೊಂದು ಹಾಯಿ,
ಮಡಿಸಿದರೆ ಇಲ್ಲ, ಬಿಡಿಸಿದರೆ ಇದೆ.
“ಸಾರಿಗೋ, ಆಟಕ್ಕೋ?” ಅಂದ ಖಲೀಲ್.
ಎರಡಕ್ಕೂ ಅಂದೆ.

ಅಂಗೈಯಗಲದ ಚೌಕ, ಮೂಲೆ ಮೇಲಾಗಿ ಕೂರಿಸಿದ್ದು.
ದ್ಯಾವಯ್ಯ ಅಂಗಿ ತೊಟ್ಟು ಅಂಗಡಿಯಲ್ಲೇ
ಎರಡೂ ಕೈ ಎತ್ತಿದ, ಬೆದರುಬೊಂಬೆಯ ಹಾಗೆ.
ಕಾದೆವು ಇಬ್ಬರೂ, ಕಿವಿಯಾಗಿ.
ಪರ್ ಅನ್ನಲಿಲ್ಲ.
ಅವತ್ತು ರಾತ್ರಿ ಊಟ ಸೇರಲಿಲ್ಲ, ಅಷ್ಟು ಹಿಗ್ಗು.

ಆಷಾಢದಲ್ಲಿ ಟ್ರಂಕು ಕೊಡವುವಾಗ ಅಜ್ಜನ ಕಸೆಯಂಗಿ ಸಿಕ್ಕಿತು.
ಬಗಲಲ್ಲಿ ಅದೇ ಚೌಕ.
ಅಂಗೈಯಗಲ, ಮೂಲೆ ಮೇಲಾಗಿ, ಕೈಹೊಲಿಗೆ.
ಸ್ವಲ್ಪ ಹೊತ್ತು ಮುಖ ಸಣ್ಣದಾಯಿತು,
ಸುಳ್ಳು ಯಾಕೆ, ಒಂದಿಡೀ ಮಧ್ಯಾಹ್ನ.

ಆಮೇಲೆ ಬಾಗಿಲ ಬೆಳಕಿಗೆ ಹಿಡಿದು
ಒಂದೊಂದೇ ಹೊಲಿಗೆ ನೋಡಿದೆ.
ಎಲ್ಲರ ಕೈಹೊಲಿಗೆ ಓರೆಯಾಗುವ ಕಡೆಗಲ್ಲ,
ಅದರ ಎದುರು ಕಡೆಗೆ ವಾಲಿದ್ದವು,
ನನ್ನವು ವಾಲುವ ಹಾಗೆ.

ಯಾರೆಂದು ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ.
ಹಿಂಬದಿಯಿಂದ ಬರೆದುಕೊಂಡೆ: ಯಾರು?
ಮುಂದಿನ ಲೆಕ್ಕಕ್ಕೂ ಹಿಂದಿನ ಪ್ರಶ್ನೆಗೂ ನಡುವೆ
ಉಳಿದಿರುವುದು ನಾಲ್ಕೇ ಹಾಳೆ.
ದ್ಯಾವಯ್ಯನ ಬಾಕಿ ಇನ್ನೂ ಬಂದಿಲ್ಲ.